ಇಂಟೀರಿಯರ್ ಡಿಸೈನ್ ಮಕ್ಕಳಿಗೆ ಬಣ್ಣ ಕಲಿಸೋಕೆ ಆ್ಯಪ್ ಸಾಕಾ? ಅನುಭವ ಇದ್ದವರು ಹೇಳಿ

ಹೊಸ ಲೆಕ್ಚರರ್, ಶಿವಮೊಗ್ಗ: ಡಿಪ್ಲೊಮಾ ಮೊದಲ ವರ್ಷದ ಕಲರ್ ಥಿಯರಿ ನನ್ನ ಪಾಲಿಗೆ ಬಂದಿದೆ. ಇರೋದು ಒಂದು ಪ್ರೊಜೆಕ್ಟರ್, ಮಕ್ಕಳ ಕೈಯಲ್ಲಿ ಫೋನ್ ಮಾತ್ರ. ಪೋಸ್ಟರ್ ಕಲರ್ ಪೂರ್ತಿ ಬಿಟ್ಟು ಅಡೋಬ್ ಕಲರ್, ಕೂಲರ್ಸ್ ಥರದ ಬಣ್ಣ ಜೋಡಿಸೋ ಆ್ಯಪ್‌ನಲ್ಲೇ ನಡೆಸಬಹುದಾ?

ಸಾಗರದ ಮೇಷ್ಟ್ರು: ಪ್ರೊಜೆಕ್ಟರ್ ಸುದ್ದಿ ಎತ್ತಬೇಡಿ ಮಾರಾಯ್ರೆ, ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ 42,000 ಕೊಟ್ಟು ತಂದಿದ್ದು. ಲ್ಯಾಪ್‌ಟಾಪಲ್ಲಿ ಸಾಸಿವೆ ಹಳದಿ, ಪರದೆ ಮೇಲೆ ಮಜ್ಜಿಗೆಹುಳಿ. ಬಣ್ಣ ಏರುಪೇರು ಮಾಡೋ 'ಡೈನಾಮಿಕ್' ಸೆಟ್ಟಿಂಗಲ್ಲಿದೆ ಅಂತ ಸರ್ವಿಸಿನವನು ಒಂದು ಬಟನ್ ಒತ್ತಿ 600 ಕಿತ್ತ. ಆಮೇಲೂ ಅದೇ ಕತೆ. ಲ್ಯಾಂಪ್ ಹೋಗಿದೆ ಅಂದ, 9,500. ಆಷಾಢದಲ್ಲಿ ಲೆನ್ಸಿಗೆ ಬೂಷ್ಟು. ಕೊನೆಗೆ ಕೈಯಿಂದ 18,000 ಹಾಕಿ ಮಾನಿಟರ್ ಕ್ಯಾಲಿಬ್ರೇಟರ್ (ಪರದೆಯ ಬಣ್ಣ ಅಳೆದು ಸರಿಮಾಡೋ ಸಾಧನ) ತರಿಸಿದೆ, ಬಿಲ್ ಇನ್ನೂ ಪಾಸಾಗಿಲ್ಲ. ಈಗ ಲ್ಯಾಬಿನ ಮಾನಿಟರ್‌ಗಳೆಲ್ಲ ಹಗಲು ಬೆಳಕಿನ ಬಿಳಿ, 6500 ಕೆಲ್ವಿನ್‌ಗೆ ನಿಂತಿವೆ. ಕ್ಯಾಲಿಬ್ರೇಟ್ ಮಾಡದ ಫೋನಲ್ಲಿ ಬಣ್ಣ ಕಲಿಸೋದು ದಂಡ.

ತೀರ್ಥಹಳ್ಳಿ ಸೈಟ್‌ನವಳು: ನಾನು ಆ್ಯಪಲ್ಲೇ ಕಲಿತವಳು. ಮೊದಲ ಕೆಲಸ ಹಳೇ ತೊಟ್ಟಿಮನೆ, ಜಗಲಿಗೆ ತಿಳಿ ಬೂದು. ಫೋಟೋದಲ್ಲಿ ಬಣ್ಣ ತುಂಬಿ ತೋರಿಸಿದಾಗ ಯಜಮಾನರು ಖುಷಿಯೋ ಖುಷಿ. ಬಳಿದ ಮೇಲೆ ನೋಡಿದ್ರೆ ಗೋಡೆಯ ಕೆಳಗಿನ ಅರ್ಧ ಗುಲಾಬಿ! ರೆಡ್ ಆಕ್ಸೈಡ್ ನೆಲದ ಕೆಂಪು ಗೋಡೆಗೆ ಹೊಡೆಯುತ್ತೆ ಅಂತ ಯಾವ ಆ್ಯಪ್ ಹೇಳ್ತದೆ? ಸಾಲದ್ದಕ್ಕೆ 2700 ಕೆಲ್ವಿನ್ನಿನ ಹಳದಿ ಬೆಳಕಿನ ಬಲ್ಬು. ಮತ್ತೆ ಎರಡು ಕೋಟ್, ಬಕೆಟ್ಟು, ಕೂಲಿ, ಪೇಂಟರ್ ಊಟ ಸೇರಿ 14,300. ನನ್ನ ಫೀಸಲ್ಲೇ ಮುರಿದುಕೊಂಡರು. ಈಗ ಮಳೆಗಾಲದ ಮಬ್ಬಲ್ಲಿ ನೋಡದೆ ಶೇಡ್ ಹೇಳಲ್ಲ, ಎಲ್‌ಆರ್‌ವಿ (ಬಣ್ಣ ಎಷ್ಟು ಬೆಳಕು ವಾಪಸ್ ಕೊಡುತ್ತೆ ಅನ್ನೋ ನೂರರ ಲೆಕ್ಕ) 60ರ ಕೆಳಗೆ ಇಳಿಯೋದೂ ಇಲ್ಲ.

ಸಾಗರದ ಮೇಷ್ಟ್ರು: ನೆಲ ನೋಡದೆ ಬಣ್ಣ ಹೇಳಿದ್ದು ಆ್ಯಪ್ ತಪ್ಪಾ ಮೇಡಂ?

ತೀರ್ಥಹಳ್ಳಿ ಸೈಟ್‌ನವಳು: ನಮ್ಮ ಮೇಷ್ಟ್ರೂ ನಿಮ್ಮ ಹಾಗೇ ಲ್ಯಾಬ್ ಬಿಟ್ಟು ಹೊರಗೆ ಬರ್ತಿರಲಿಲ್ಲ ಸರ್.

ಚಿತ್ತಾರದ ಮನೆಯವಳು: ಆ್ಯಪೂ ಬೇಕು, ಹೊರಗೆ ಹೋಗಿ ನೋಡೋದೂ ಬೇಕು. ನಾನು ಮಕ್ಕಳನ್ನ ಮಲೆನಾಡಿನ ಹಸೆ ಚಿತ್ತಾರ ಬರೆದ ಗೋಡೆ ಮುಂದೆ ನಿಲ್ಲಿಸ್ತೀನಿ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಗುರಿಗೆ ಬೀಜದ ಹಳದಿ, ಹುರಿದು ಸೀಯಿಸಿದ ಅಕ್ಕಿಯ ಕಪ್ಪು. ಬಣ್ಣದ ಕೋಡ್ ಹೇಳೋ ಫೋನಿನ ಪಿಕರ್‌ನಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದೇ ಕೆಂಪು ಹಿಡಿಸಿ, ಕೋಡ್ ಬೇರೆ ಬರುತ್ತೆ. ವೈಟ್ ಬ್ಯಾಲೆನ್ಸ್ ಲಾಕ್ ಮಾಡಿಸಿ, ಇಲ್ಲಾಂದ್ರೆ ಕ್ಯಾಮೆರಾ ತನಗೆ ಬೇಕಾದ ಹಾಗೆ ತಿದ್ದುತ್ತೆ. ಖರ್ಚು ಬಸ್ ಚಾರ್ಜು ಅಷ್ಟೇ, 18,000 ಅಲ್ಲ.

ಸಾಗರದ ಮೇಷ್ಟ್ರು: ಎಲ್ಲರೂ ನನ್ನ 18,000ದ ಹಿಂದೆ ಯಾಕೆ ಬಿದ್ದಿದೀರಿ?

ಬಿ.ಎಚ್. ರಸ್ತೆ ಪೇಂಟ್ ಅಂಗಡಿ: ನಿಮ್ಮ ಶಿಷ್ಯರು ಆ್ಯಪ್ ಕೊಡೋ ಹೆಕ್ಸ್ ಕೋಡ್ ಹಿಡಿದು ನಮ್ಮ ತಲೆ ತಿಂತಾರೆ. ಬಣ್ಣ ಕಲಸೋ ಟಿಂಟಿಂಗ್ ಮಿಷನ್ನಿಗೆ ಬೇಕಾದ್ದು ಕಂಪನಿ ಶೇಡ್ ನಂಬರ್. ಪರದೆ ಹಳದಿ ಮಾಡೋ ನೈಟ್ ಮೋಡ್ ಹಾಕಿದ ಫೋನ್ ತೋರಿಸಿ, ಕಲಸಿದ ಮೇಲೆ ಇದಲ್ಲ ಅಂದ್ರೆ ಆ ಡಬ್ಬಿ ಯಾರಿಗೆ ಮಾರಲಿ?

ಹೊಸ ಲೆಕ್ಚರರ್, ಶಿವಮೊಗ್ಗ: ನಾನು ಕೇಳಿದ್ದು ಪೋಸ್ಟರ್ ಕಲರ್ ಬಿಡಬಹುದಾ ಅಂತ...

ತೀರ್ಥಹಳ್ಳಿ ಸೈಟ್‌ನವಳು: ಶೇಡ್ ಕಾರ್ಡಿಗೆ 500 ಡೆಪಾಸಿಟ್ ಇಸ್ಕೊಂಡು ವಾಪಸ್ ಕೊಡದ ಅಂಗಡಿ ನಿಮ್ಮದೇನಾ?

ಬಿ.ಎಚ್. ರಸ್ತೆ ಪೇಂಟ್ ಅಂಗಡಿ: ಒಳಗಿನ ಹಾಳೆ ಕತ್ತರಿಸಿ ಮೂಡ್ ಬೋರ್ಡಿಗೆ (ಡಿಸೈನ್ ತೋರಿಸೋ ಹಲಗೆಗೆ) ಅಂಟಿಸಿದ ಕಾರ್ಡಿಗೆ ಎಂತ ವಾಪಸ್ಸು ಮೇಡಂ?