ಬನದ ಹುಣ್ಣಿಮೆಗೆ ಕಡಲ ದಂಡೇಲಿ ಟೆಂಟ್: ಮೊದಲ ಸಾಲೋ, ತೋಪೋ, ಅಳಿವೆ ದಂಡೆಯೋ?

ಬೆಣ್ಣೆದೋಸೆ, ದಾವಣಗೆರೆ
ಎರಡು ಕುಟುಂಬ, ಏಳು ಜನ, ಅದ್ರಲ್ಲಿ ಮೂರು ಮಕ್ಕಳು. ಬನದ ಹುಣ್ಣಿಮೆ ವಾರ ಹಾವೇರಿ, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ-ಹೊನ್ನಾವರ ಕಡೆ ಎರಡು ರಾತ್ರಿ. ಟೆಂಟ್ ನಮ್ಮವೇ, ನಾಲ್ಕು ಜನರವು ಎರಡು. ಜಾಗ ಕೊಡೋರು ಮೂರು ತೋರಿಸಿದ್ದಾರೆ: ಅಲೆ ಎದುರಿನ ಮೊದಲ ಸಾಲು, ಅದರ ಹಿಂದೆ ಗಾಳಿಮರದ ತೋಪು, ಪಕ್ಕದಲ್ಲಿ ಹೊಳೆ ಸಮುದ್ರ ಸೇರೋ ಅಳಿವೆ ದಂಡೆ. ಮೊದಲ ಸಾಲಿಗೆ ದುಡ್ಡು ಜಾಸ್ತಿ. ಫೋಟೋದಲ್ಲಿ ಟೆಂಟ್ ಬಾಗಿಲಿಂದ ನೀರಿಗೆ ಇಪ್ಪತ್ತು ಹೆಜ್ಜೆ ಕಾಣುತ್ತೆ. ಯಾವುದು ಹಿಡಿಯೋಣ? ಗೂಟಾನ ಎರೆ ಹೊಲದಲ್ಲಿ ಹೊಡೆದು ನೋಡಿದ್ವಿ, ಗಟ್ಟಿ ನಿಂತ್ವು.

ಅಳಿವೆಬಾಗಿಲು
ಆ ಫೋಟೋ ಇಳಿತದಲ್ಲಿ ತೆಗೆದದ್ದೋ ಭರತದಲ್ಲೋ (ಅಂದರೆ ಸಮುದ್ರದ ನೀರು ಏರಿದಾಗಲೋ), ಮೊದಲು ಅದನ್ನು ಕೇಳಿ ಮಾರಾಯ್ರೆ. ನೀವು ಆರಿಸಿದ ವಾರವೇ ನೀರು ಜೋರಾಗಿ ಏರುವ ವಾರ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಹೆಚ್ಚು, ಅಷ್ಟಮಿಗೆ ಕಡಿಮೆ. ಹುಣ್ಣಿಮೆ ದಿನಕ್ಕಿಂತ ಅದರ ಮರುದಿನ, ಮೂರನೇ ದಿನವೇ ಹೆಚ್ಚಾಗಿ ದೊಡ್ಡ ಭರತ. ನೀರು ಒಂದೂವರೆ ಮೀಟರ್ ಏರಿತು ಅಂತಿಟ್ಟುಕೊಳ್ಳಿ. ದಂಡೆ ಇಪ್ಪತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿದ್ದರೆ ನೀರಿನ ಅಂಚು 30 ಮೀಟರ್ ಒಳಗೆ ಬಂತು. ನಿಮ್ಮ ಇಪ್ಪತ್ತು ಹೆಜ್ಜೆ ಎಲ್ಲಿ ಉಳಿಯಿತು?

ಎರಡು ಭರತಗಳ ನಡುವೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಕ್ಕೆ 50 ನಿಮಿಷ ಹಿಂದೆ ಬೀಳುತ್ತದೆ. ಒಂದೇ ದಿನದ ಎರಡು ಭರತ ಒಂದೇ ಎತ್ತರ ಬರುವುದಿಲ್ಲ, ಹಾಗಾಗಿ ಹಗಲು ಕಂಡ ಗೆರೆ ನೋಡಿ ರಾತ್ರಿ ಮಲಗಬಾರದು. ಕಾರವಾರದ ಭರತದ ಪಟ್ಟಿ ಮೊಬೈಲಿನಲ್ಲೇ ಸಿಗುತ್ತದೆ, ಆ ಎರಡು ರಾತ್ರಿಯದ್ದು ಬರೆದಿಟ್ಟುಕೊಳ್ಳಿ.

ಜಾಗಕ್ಕೆ ಹೋದ ಮೇಲೆ ಕಸದ ಗೆರೆ ಹುಡುಕಿ. ಹಸಿ ಪಾಚಿ, ಚಿಪ್ಪು ಇರುವ ಕೆಳಗಿನ ಗೆರೆ ಇವತ್ತಿನದ್ದು. ಅದರ ಮೇಲೆ ಒಣಗಿದ ಕಡ್ಡಿ, ತೆಂಗಿನ ಸಿಪ್ಪೆ, ಹರಿದ ಬಲೆ ತುಂಡು ಸೇರಿದ ಇನ್ನೊಂದು ಗೆರೆ ಉಂಟು, ಅದು ಹಿಂದಿನ ಅಮಾವಾಸ್ಯೆಯದ್ದು. ಟೆಂಟ್ ಅದರಿಂದಲೂ 15 ಹೆಜ್ಜೆ ಮೇಲೆ. ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿದ ಜಾಗಕ್ಕೆ ಈ ಕಾಲದಲ್ಲಿ ಅಲೆ ಮುಟ್ಟುವುದು ಕಡಿಮೆ. ಬಳ್ಳಿ ಮೇಲೆ ಮಾತ್ರ ಹಾಕಬೇಡಿ, ಮರಳು ಹಿಡಿದಿರುವುದೇ ಅದು. ದೋಣಿ ಎಳೆದು ನುಣುಪಾದ ದಾರಿಯೂ ಬೇಡ. ರಂಪಣಿ ಬಲೆ ಎಳೆಯುವ ಮೀನುಗಾರರು ನಸುಕಿನಲ್ಲೇ ಬಂದು ಎಬ್ಬಿಸುತ್ತಾರೆ, ತಪ್ಪು ಅವರದ್ದಲ್ಲ.

ಅಳಿವೆ ದಂಡೆ ಬಿಟ್ಟೇಬಿಡಿ. ಅಲೆ ಇಲ್ಲ ಅಂತ ಮಕ್ಕಳು ಇಳಿಯುತ್ತಾರೆ, ಇಳಿತದ ಹೊತ್ತಿಗೆ ಅಲ್ಲಿನ ಸೆಳೆತ ದೊಡ್ಡವರನ್ನೂ ಎಳೆದುಕೊಂಡು ಹೋಗುತ್ತದೆ. ಸಂಜೆಯಾದರೆ ನೊರಜು, ಸೊಳ್ಳೆ ಬೇರೆ.

ದುರ್ಗದಹೈದ
ಸೂಳೆಕೆರೆ ಆಗ್ಲಿ ಮಾರಿಕಣಿವೆ ಡ್ಯಾಂ ಆಗ್ಲಿ, ನೀರಿನಂಚು ರಾತ್ರಿ ಇದ್ದಲ್ಲೇ ಬೆಳಿಗ್ಗೆ ಇರುತ್ತೆ. ನಮ್ಮ ಕಡೆಯೋರು ಸಮುದ್ರದ ಹತ್ರ ಮೋಸ ಹೋಗೋದೇ ಇಲ್ಲಿ. ಇನ್ನೊಂದು ಮಾತು ಗೂಟದ್ದು. ಎರೆ ಮಣ್ಣು ಕಚ್ಚಿ ಹಿಡಿಯುತ್ತೆ, ಒಣ ಮರಳು ಹಿಡಿಯಲ್ಲ. ಟೆಂಟ್ ಜೊತೆ ಬರೋ ಏಳಿಂಚಿನ ಗೂಟ ಮೊದಲ ಗಾಳಿಗೇ ಕಿತ್ತು ಬರುತ್ತೆ.

10 ಕೆಜಿ ಅಕ್ಕಿ ಚೀಲ ಖಾಲಿದು ಟೆಂಟಿಗೆ ಆರು ಒಯ್ರಿ. ಮುಕ್ಕಾಲು ಮರಳು ತುಂಬಿ, ಬಾಯಿ ಸುತ್ತಿ ಅಲ್ಲಿಗೇ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳ ಹೂತು ತುಳೀರಿ. ಹಗ್ಗ ನೆಟ್ಟಗೆ ಮೇಲೆ ಬರಬಾರದು. ಗುಂಡಿಯಿಂದ ಟೆಂಟಿನ ಕಡೆ ಓರೆಯಾಗಿ ಸಣ್ಣ ಕಾಲುವೆ ಕೊರೆದು ಅದರಲ್ಲಿ ಎಳೀರಿ, ನೆಟ್ಟಗಿದ್ರೆ ಚೀಲಾನೇ ಎದ್ದು ಬರುತ್ತೆ. ಮೇಲೊಂದು ಕೊಡ ನೀರು ಸುರಿದ್ರೆ ಇನ್ನೂ ಬಿಗಿ. ಹೋಗೋಕೆ ಮುಂಚೆ ಹರಿಹರದ ಹೊಳೆ ಮರಳಲ್ಲಿ ಹಗಲು ಹೊತ್ತು ಒಂದ್ಸಲ ಕಟ್ಟಿ ಬಿಚ್ಚಿ.

ಬೆಣ್ಣೆದೋಸೆ, ದಾವಣಗೆರೆ
ಹಂಗಾದ್ರೆ ತೋಪೇ ಹಿಡೀತೀವಿ. ತೋಪಲ್ಲಿ ನೋಡ್ಕೋಬೇಕಾದ್ದು ಏನು? ಬಾಗಿಲು ಯಾವ ಕಡೆ?

ಅಳಿವೆಬಾಗಿಲು
ತೋಪಿನ ನಡುವೆ ಬೇಡ, ಸಮುದ್ರದ ಕಡೆಯ ಅಂಚು ಕೇಳಿ. ನೀರೂ ಕಾಣುತ್ತದೆ, ಮೊದಲ ಸಾಲಿನ ಹಾಗೆ ಬೆಳಿಗ್ಗೆ ಎಲ್ಲ ಇಬ್ಬನಿಗೆ ತೊಯ್ಯುವುದೂ ಇಲ್ಲ. ತಲೆ ಎತ್ತಿ ಒಣಕೊಂಬೆ ನೋಡಿ. ತೆಂಗಿನ ಮರ ಹತ್ತಿರವಿದ್ದರೆ ಗರಿ ಚಾಚಿದ್ದಕ್ಕಿಂತ ಇನ್ನೂ ಆಚೆ ಹೋಗಿ, ಕಾಯಿ, ಗರಿ ಬೀಳಲು ಗಾಳಿ ಬೇಕೆಂದೇನಿಲ್ಲ.

ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ, ರಾತ್ರಿ ಘಟ್ಟದ ಕಡೆಯಿಂದ. ಹಾಗಾಗಿ ಬಾಗಿಲು ಸಮುದ್ರದ ಕಡೆಗಿದ್ದರೆ ರಾತ್ರಿ ಹಿತ, ಹಗಲು ಜಿಪ್ ಎಳೆದಿಡಿ, ಇಲ್ಲದಿದ್ದರೆ ಹಾಸಿಗೆ ತುಂಬ ಮರಳು. ಮೇಲಿನ ಗಾಳಿಕಿಂಡಿ ಮುಚ್ಚಬೇಡಿ, ಉಸಿರಿನ ತೇವ ಒಳಗೇ ತೊಟ್ಟಿಕ್ಕುತ್ತದೆ.

ದುರ್ಗದಹೈದ
ತೋಪಿಗೆ ನಂದೊಂದು ತಕರಾರು, ಬೆಂಕಿ. ಗಾಳಿಮರದ ಒಣ ಸೂಜಿ ಎಲೆ ಮೆತ್ತೆ ಥರ ಬಿದ್ದಿರುತ್ತೆ, ಕಿಡಿ ಸಾಕು. ಒಲೆ ತೋಪಿನಾಚೆ ಬರಿ ಮರಳಲ್ಲಿ, ಸುತ್ತ ಹತ್ತಡಿ ಗುಡಿಸಿ. ಕ್ಯಾಂಪ್ ಫೈರ್ ಬೇಡವೇ ಬೇಡ. ಟೆಂಟ್ ಕೆಳಗಿನ ತಾಡಪಾಲು ಟೆಂಟಿಗಿಂತ ಎರಡಿಂಚು ಒಳಗೇ ಇರ್ಲಿ, ಹೊರಗೆ ಚಾಚಿದ್ರೆ ಇಬ್ಬನಿ ನೀರು ಅದರ ಮೇಲಿಳಿದು ಬೆನ್ನಡಿ ನಿಲ್ಲುತ್ತೆ. ಕುಡಿಯೋಕೆ, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರ್, ಉಪ್ಪು ತೊಳಕೊಳ್ಳೋಕೆ ಬೇರೆ.

ಅಳಿವೆಬಾಗಿಲು
ಬೆಂಕಿ ವಿಷಯ ಒಪ್ಪಿದೆ. ದೀಪದ್ದೂ ಸೇರಿಸಿ: ಕಡಲಾಮೆ ಮೊಟ್ಟೆಯಿಡುವ ಕಾಲ, ಸಮುದ್ರದ ಕಡೆ ಬಿಳಿ ದೀಪ ತೂಗುಹಾಕಬೇಡಿ. ಊರಿಗೆ ಹೋದ ದಿನವೇ ಜಿಪ್ಪು, ಕಂಬಗಳ ಸಂದು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಮರಳು ಕೂತ ಜಿಪ್ಪನ್ನು ಎಳೆದಾಡಬೇಡಿ, ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ ಉಜ್ಜಿ, ಆಮೇಲೆ ಎಳೆಯಿರಿ.