ಸತ್ತ ಹೃದಯ ಮತ್ತೆ ಬೆಳೆಯುತ್ತಾ?

ರಮೇಶ ಚಿಕ್ಕಪ್ಪ: [ಫಾರ್ವರ್ಡ್] *ಸ್ಟೆಮ್ ಸೆಲ್ (ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಇಂಜೆಕ್ಷನ್ ಒಂದೇ ಸಾಕು! ಸತ್ತ ಹೃದಯ ಮತ್ತೆ ಬೆಳೆಯುತ್ತೆ. ಬೈಪಾಸ್ ಬೇಡ, ಮಾತ್ರೆ ಬೇಡ.* ಅಣ್ಣಾ, ತಪ್ಪದೆ ಓದಿ.

ನವೀನ: ಯಾವ ಕೋಶ ಚಿಕ್ಕಪ್ಪ? ಎಷ್ಟು? ಮೂಲ ಎಲ್ಲಿ?

ರಮೇಶ ಚಿಕ್ಕಪ್ಪ: ಕೆಳಗೆ ಲಿಂಕ್ ಇದೆ. ಹೋದ ಸಲ ಸಕ್ಕರೆ ಕಾಯಿಲೆ ವಿಷಯದಲ್ಲೂ ಎಲ್ಲರೆದುರು ಹೀಗೇ ಮಾಡಿದೆ.

ನವೀನ: ಲಿಂಕ್‌ನಲ್ಲಿರೋದು ಬೋನ್ ಮ್ಯಾರೋ, ಅಂದ್ರೆ ಮೂಳೆಯೊಳಗಿನ ಮಜ್ಜೆಯ ಕೋಶ. ಅದು ಹೃದಯದ ಸ್ನಾಯು ಆಗುತ್ತೆ ಅಂತ 2001ರಲ್ಲಿ ಅಮೆರಿಕದಲ್ಲಿದ್ದ ಸಂಶೋಧಕ ಪಿಯೆರೊ ಆನ್ವರ್ಸಾ ಅವರ ತಂಡ ಇಲಿಗಳ ಮೇಲೆ ಮಾಡಿ ಬರೆದಿತ್ತು. 2004ರಲ್ಲಿ ಬೇರೆ ಎರಡು ತಂಡ ಮಾಡಿ ನೋಡಿದಾಗ ಆಗಲಿಲ್ಲ. 2018ರಲ್ಲಿ ಆ ಪ್ರಯೋಗಾಲಯದ 31 ಪ್ರಬಂಧ ವಾಪಸ್ ತೆಗೆಯಿರಿ ಅಂತ ಆನ್ವರ್ಸಾ ಆಮೇಲೆ ಕೆಲಸ ಮಾಡಿದ್ದ ಹಾರ್ವರ್ಡೇ ಹೇಳಿತು.

ದೊಡ್ಡಪ್ಪ: ನವೀನ, ದೊಡ್ಡವರ ಹತ್ರ ಕೋರ್ಟ್‌ನಲ್ಲಿ ಕೇಳೋ ಹಾಗೆ ಕೇಳಬಾರದು. ನನ್ನ ಹೃದಯ ದುರ್ಬಲ ಆಗಿದೆ ಅನ್ನೋ ಕಾಳಜಿಯಿಂದ ರಮೇಶ ಕಳಿಸಿದ್ದು.

ಶೈಲಾ: ಕಾಳಜಿ ಸರಿ ದೊಡ್ಡಪ್ಪ. ಆದ್ರೆ ದೊಡ್ಡ ಹಾರ್ಟ್ ಅಟ್ಯಾಕ್‌ನಲ್ಲಿ 100 ಕೋಟಿಯಷ್ಟು ಸ್ನಾಯುಕೋಶ ಸಾಯಬಹುದು. ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವೇ ಗಂಟೆಯಲ್ಲಿ ರಕ್ತದ ಜೊತೆ ಕೊಚ್ಚಿಹೋಗ್ತವೆ. ಉಳಿದವು ರಕ್ತ ಸಿಗದೆ ಸಾಯ್ತವೆ. 2023ರಲ್ಲಿ ಬಂದ, ಹೃದಯ ದುರ್ಬಲವಾದವರ ಮೇಲೆ ಮಾಡಿದ ಡ್ರೀಮ್-ಎಚ್‌ಎಫ್ ಅನ್ನೋ ಪ್ರಯೋಗದಲ್ಲಿ 537 ರೋಗಿಗಳು, ಕೋಶ ಕೊಟ್ಟವರಿಗೆ ಹೃದಯದ ಗೋಡೆಗೇ 15 ಕೋಟಿ ಕೋಶ. ಆದ್ರೂ ಮುಖ್ಯ ಗುರಿ ಮುಟ್ಟಲಿಲ್ಲ. ಇಲಿಗಳಲ್ಲಂತೂ ಸತ್ತ ಕೋಶ ಚುಚ್ಚಿದರೂ ಪಂಪಿಂಗ್ ಸ್ವಲ್ಪ ಸುಧಾರಿಸಿತ್ತು. ಗಾಯಕ್ಕೆ ಓಡಿಬಂದ ಮ್ಯಾಕ್ರೋಫೇಜ್‌ಗಳು (ಸತ್ತದ್ದನ್ನ ತಿಂದು ಶುಚಿಮಾಡೋ ರೋಗನಿರೋಧಕ ಕೋಶಗಳು) ಮಾಡಿದ ಕೆಲಸ ಅದು, ಹೊಸ ಸ್ನಾಯು ಅಲ್ಲ.

ಗೀತಾ: ನೀವೆಲ್ಲ ವಾದ ಮಾಡೋದು ನೋಡಿದ್ರೆ ಅಜ್ಜಿ ಮನೆ ರಜೆಗಳು ನೆನಪಾಗ್ತವೆ. ಮೆಟ್ಟಿಲ ಮೇಲೆ ಎಲ್ಲರೂ ಕೂತ ಫೋಟೊ ಯಾರ ಹತ್ರ ಇದೆ?

ರಮೇಶ ಚಿಕ್ಕಪ್ಪ: ಫೋಟೊ ಆಮೇಲೆ. ಶೈಲಾ, ಹಾಗಾದ್ರೆ ಜರ್ಮನಿಯವರು ಮಾಡ್ತಿರೋದೂ ಸುಳ್ಳಾ?

ನವೀನ: ಅದು ಬೇರೇನೇ. ರಕ್ತದ ಕೋಶವನ್ನ ಐಪಿಎಸ್ ಸ್ಥಿತಿಗೆ, ಅಂದ್ರೆ ಯಾವ ಕೋಶ ಬೇಕಾದ್ರೂ ಆಗಬಲ್ಲ ಸ್ಥಿತಿಗೆ ತಿರುಗಿಸಿ, ಏನಾಗಬೇಕು ಅಂತ ಕೋಶಕ್ಕೆ ಹೇಳೋ ವಿಂಟ್ ಅನ್ನೋ ಸಂಕೇತ ಮೊದಲು ಏರಿಸಿ ಆಮೇಲೆ ತಡೆದರೆ ಅದು ಹೃದಯದ ಸ್ನಾಯುಕೋಶ ಆಗಿ ಹತ್ತು-ಹನ್ನೆರಡು ದಿನಕ್ಕೆ ತಟ್ಟೆಯಲ್ಲೇ ಮಿಡಿಯುತ್ತೆ. ಜರ್ಮನಿಯ ಗೊಟ್ಟಿಂಗೆನ್‌ನವರು ಅದನ್ನ ಕೊಲಾಜನ್ ಅನ್ನೋ ಪ್ರೋಟೀನ್‌ನಲ್ಲಿ ಬೆಳೆಸಿ ಹೃದಯದ ಹೊರಗೆ ತೇಪೆ ಹೊಲಿತಾರೆ, ಮನುಷ್ಯರಿಗೆ 80 ಕೋಟಿ ಕೋಶದವರೆಗೆ. 2025ರಲ್ಲಿ ಪ್ರಕಟವಾಯ್ತು.

ಶೈಲಾ: ಅದನ್ನೂ ಪೂರ್ತಿ ಹೇಳು ನವೀನ. 2014ರಲ್ಲಿ ಮಂಗಗಳಿಗೆ ಮನುಷ್ಯ ಭ್ರೂಣದ ಸ್ಟೆಮ್ ಸೆಲ್‌ನಿಂದ ಬೆಳೆಸಿದ 100 ಕೋಟಿ ಹೃದಯದ ಕೋಶ ಚುಚ್ಚಿದಾಗ ಸ್ನಾಯು ಬೆಳೀತು, ಜೊತೆಗೆ ಬಡಿತವೂ ಹಳಿತಪ್ಪಿತು. ಯಾಕಂದ್ರೆ ಎಳೆಯ ಕೋಶಗಳು ತಮ್ಮಷ್ಟಕ್ಕೇ ಮಿಡಿಯುತ್ತವೆ. ಬೇರೆಯವರ ಕೋಶ ಆದ್ರೆ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಬೇಕು. ಹೃದಯದ ಕೋಶವಾಗಿ ಬದಲಾಗದ ಸ್ಟೆಮ್ ಸೆಲ್ ಉಳಿದ್ರೆ ಗೆಡ್ಡೆಯ ಭಯ.

ದೊಡ್ಡಪ್ಪ: ಆ ಲಿಂಕ್‌ನ ಕ್ಲಿನಿಕ್‌ಗೆ ನಾನು ಆಗಲೇ ಫೋನ್ ಮಾಡಿದ್ದೆ. ಮಾತ್ರೆ ನಿಲ್ಲಿಸಿ ಬನ್ನಿ ಅಂದ್ರು.

ಶೈಲಾ: ನಿಲ್ಲಿಸಬೇಡಿ ದೊಡ್ಡಪ್ಪ! ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಮೈಯಲ್ಲಿ ನೀರು ನಿಲ್ತಿರಬಹುದು, ತಕ್ಷಣ ನಿಮ್ಮ ಡಾಕ್ಟರ್‌ಗೂ ನನಗೂ ತಿಳಿಸಿ. ಕ್ಲಿನಿಕ್‌ನವರ ಹತ್ರ ಇಷ್ಟು ಕೇಳಿ: ನೋಂದಾಯಿತ ಪ್ರಯೋಗವಾ? ಕೋಶ ಯಾರದು, ಎಷ್ಟು? ಚುಚ್ಚಿದ ಮೇಲೆ ಬಡಿತದ ಮೇಲೆ ಎಷ್ಟು ದಿನ ನಿಗಾ ಇಡ್ತಾರೆ? ಪ್ರಯೋಗ ಅಂತ ಹೇಳಿ ದುಡ್ಡು ಕೇಳಿದ್ರೆ ಅಲ್ಲಿಗೇ ಫೋನ್ ಇಡಿ.

ರಮೇಶ ಚಿಕ್ಕಪ್ಪ: ನಾಳೆ ನಾನೇ ಮಾಡ್ತೀನಿ. ಅಣ್ಣಾ, ನಂಬರ್ ಕಳಿಸಿ.