ಪದಚರ್ಚೆ: ಕಂಬಳಿಹುಳದ ಸುಂಕು ಕಣ್ಣಿಗೆ ‘ಬೀಳುತ್ತದೋ’, ‘ನಾಟುತ್ತದೋ’?

ಎಲ್ಲರಿಗೂ ನಮಸ್ಕಾರ.

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದ ಕೆಲಸಗಾರರಿಗಾಗಿ ಒಂದು ಪುಟದ ತಿಳಿವಳಿಕೆ ಹಾಳೆ ಬರೆಯುತ್ತಿದ್ದೇನೆ. ಕಂಬಳಿಹುಳದ ಕೂದಲು ಕಣ್ಣಿಗೆ ಹೊಕ್ಕರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ವಿಷಯ. ಲೈನ್ ಮನೆಗಳ ಗೋಡೆಗೆ ಅಂಟಿಸುವ ಹಾಳೆ ಇದು. ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಏಲಕ್ಕಿ ಮತ್ತು ನೆರಳು ಮರಗಳ ಎಲೆ ತಿನ್ನುವ, ಯೂಪ್ಟಿರೋಟೆ ಎಂಬ ಪತಂಗ ಕುಲದ ಹುಳಗಳು ಹಗಲಲ್ಲಿ ಮರದ ಕಾಂಡದ ಮೇಲೆ ಗುಂಪುಗೂಡಿ ಕೂರುವುದನ್ನು ಮಲೆನಾಡಿನವರು ನೋಡಿಯೇ ಇರುತ್ತೀರಿ. ಅವುಗಳಲ್ಲಿ ಒಂದರ ಹೆಸರು ಯೂಪ್ಟಿರೋಟೆ ಕನಾರಿಕಾ, ನಮ್ಮ ನಾಡಿನ ಹೆಸರನ್ನೇ ಹೊತ್ತದ್ದು. ಮರಗಸಿ ಮಾಡುವವರು (ನೆರಳು ಮರಗಳ ಕೊಂಬೆ ಸವರುವವರು), ಮೆಣಸು ಕೊಯ್ಯಲು ಏಣಿ ಹತ್ತುವವರು ಮುಖ ಮೇಲೆತ್ತಿಯೇ ಕೆಲಸ ಮಾಡಬೇಕು. ಹುಳವೇ ಮೇಲೆ ಬೀಳಬೇಕೆಂದೂ ಇಲ್ಲ. ಸತ್ತ ಹುಳ, ಕಳಚಿದ ಪೊರೆ, ಗೂಡು ಇವುಗಳ ಕೂದಲೂ ಗಾಳಿಯಲ್ಲಿ ಬಂದು ತಾಗುತ್ತದೆ. ಹುಳ ಮುಟ್ಟಿದ ಕೈಯಲ್ಲಿ ಕಣ್ಣು ಒರೆಸಿಕೊಂಡರೂ ಸಾಕು.

ಮೊದಲ ಪ್ರಶ್ನೆ ಆ ಕೂದಲಿನದೇ. ‘ಕಂಬಳಿಹುಳು’ ಎಂಬ ಹೆಸರಿಗೆ ನನ್ನ ತಕರಾರಿಲ್ಲ. ತಮಿಳಿನ ಕಂಬಳಿಪ್ಪೂಚ್ಚಿ, ಮಲಯಾಳದ ಕಂಬಿಳಿಪ್ಪುಳು, ತೆಲುಗಿನ ಗೊಂಗಳಿ ಪುರುಗು, ಎಲ್ಲವೂ ಹುಳಕ್ಕೆ ಕಂಬಳಿಯನ್ನೇ ಹೊದಿಸಿವೆ. ಆದರೆ ಆ ಕಂಬಳಿಯ ಒಂದೊಂದು ಎಳೆಗೆ ಏನನ್ನೋಣ? ‘ಕೂದಲು’ ಎಂದರೆ ಅಪಾಯ ಕಾಣುವುದಿಲ್ಲ. ‘ರೋಮ’ ಪುಸ್ತಕದ ಮಾತು. ‘ನವಿರು’ ಮೈಕೂದಲಿಗೆ ಹಳೆಯ, ಚೆಂದದ ಪದ, ‘ನವಿರೆದ್ದಿತು’ ಎಂಬಲ್ಲಿ ಇನ್ನೂ ಉಳಿದಿದೆ. ಆದರೆ ಇಂದು ನವಿರು ಎಂದರೆ ಕೋಮಲ ಎಂದೇ ಎಲ್ಲರಿಗೂ ಅರ್ಥ. ಶಾಲಾ ಪಠ್ಯದ ‘ಬಿರುಗೂದಲು’ ಪರವಾಗಿಲ್ಲ, ಆದರೆ ತೋಟದಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ನನ್ನ ಒಲವು ‘ಸುಂಕು’ ಕಡೆಗೆ. ಭತ್ತದ ತೆನೆಯಲ್ಲಿ ಕಾಳಿನ ತುದಿಗಿರುವ ಒರಟು ಕೂದಲಿನಂಥ ಸುಂಕು ಗೊತ್ತಲ್ಲ, ಅದೇ. ಕಾರಣ ಬರೀ ನವೆಯಲ್ಲ. ಈ ಹುಳಗಳ ಕೂದಲಿಗೆ ಒಂದೇ ದಿಕ್ಕಿಗೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಅದು ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಬಾರದು. ಸುಂಕಿರುವ ತೆನೆಯೊಂದನ್ನು ಅಂಗಿಯ ತೋಳಿಗೆ ತೊಟ್ಟು ಮುಂದಾಗಿ ತೂರಿಸಿಕೊಂಡರೆ ಕೈ ಆಡಿಸಿದಷ್ಟೂ ಅದು ಮೇಲಕ್ಕೇ ಏರುವಂತೆ, ಕಣ್ಣು ಹೊರಳಿದಾಗ, ರೆಪ್ಪೆ ಬಡಿದಾಗ, ಎಲ್ಲಕ್ಕಿಂತ ಹೆಚ್ಚಾಗಿ ಉಜ್ಜಿಕೊಂಡಾಗ ಕೂದಲು ಒಳಕ್ಕೇ ಸರಿಯುತ್ತದೆ. ಈ ಗುಣ ‘ಸುಂಕು’ ಪದದಲ್ಲಿ ಮೊದಲೇ ಕೂತಿದೆ. ಒಂದೇ ಅಂಜಿಕೆ: ಗದ್ದೆ ಕಾಣದ ಹುಡುಗರು ಇದನ್ನು ತೆರಿಗೆಯ ‘ಸುಂಕ’ ಎಂದು ಓದಿಕೊಂಡರೆ?

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಕ್ರಿಯಾಪದ. ತೋಟದಲ್ಲಿ ಕೇಳಿದ ಮಾತು ಹೀಗೆ: “ಮರಗಸಿ ಮಾಡ್ತಿದ್ದಾಗ ಕಣ್ಣಿಗೆ ಏನೋ ಬಿತ್ತು ಕಣಕ್ಕ, ಅವತ್ತಿಂದ ಕರಕರ ಅಂತದೆ.” ನಾವು ‘ಬಿತ್ತು’ ಎನ್ನುವುದು ಧೂಳಿಗೆ, ಕಸಕ್ಕೆ. ಬಿದ್ದದ್ದನ್ನು ಉಜ್ಜಿ, ಊದಿಸಿಕೊಂಡು, ಸೆರಗಿನ ತುದಿಯಿಂದ ತೆಗೆಯುತ್ತೇವೆ. ಮುಳ್ಳಿಗೆ ಹಾಗೆ ಮಾಡುವುದಿಲ್ಲ. ಮುಳ್ಳು ನಾಟುತ್ತದೆ, ನಾಟಿದ್ದನ್ನು ಹುಡುಕಿ ಕೀಳಬೇಕೆಂದು ಮಕ್ಕಳಿಗೂ ಗೊತ್ತು. ಹಾಗಾಗಿ ‘ಕಣ್ಣಿಗೆ ಹುಳದ ಸುಂಕು ನಾಟಿದೆ’ ಎಂದು ಬರೆದಿದ್ದೇನೆ. ಈ ಒಂದು ಕ್ರಿಯಾಪದದಿಂದ ಮುಂದಿನ ಸೂಚನೆಗಳು ತಾವಾಗಿಯೇ ಹೊರಡುತ್ತವೆ: ಉಜ್ಜಬೇಡಿ, ಶುದ್ಧ ನೀರಿನಿಂದ ತೊಳೆಯಿರಿ, ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ‘ಮೇಲಿನ ರೆಪ್ಪೆ ಮಗುಚಿ ನೋಡಿ’ ಎಂದು ಕೇಳಿ. ರೆಪ್ಪೆಯ ಒಳಮೈಯಲ್ಲಿ ಅಡಗಿದ ಸುಂಕು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನು ಮಿಟುಕಿಸಿದಾಗಲೆಲ್ಲ ಗೀರುತ್ತದೆ. ಸ್ಲಿಟ್ ಲ್ಯಾಂಪ್ ಎಂಬ ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿಮಟದಿಂದ ಒಂದೊಂದಾಗಿ ತೆಗೆಯಬೇಕು.

ಹೀಗಿದ್ದರೂ ಕಣ್ಣು ಕೆಂಪಾದರೆ ನಮ್ಮಲ್ಲಿ ಎಲ್ಲವೂ ‘ಕಣ್ಣುಬೇನೆ’, ಇಲ್ಲವೇ ‘ಮದ್ರಾಸ್ ಐ’. ಔಷಧಿ ಅಂಗಡಿಯಲ್ಲಿ ಆ ಹೆಸರು ಹೇಳಿ ಯಾವುದೋ ಡ್ರಾಪ್ಸ್ ತಂದು ಬಿಟ್ಟುಕೊಂಡರೆ ಸುಂಕು ಒಳಗೇ ಉಳಿಯುತ್ತದೆ. ಆ ಡ್ರಾಪ್ಸ್ ಸ್ಟಿರಾಯ್ಡ್ ಆಗಿದ್ದು, ಕಣ್ಣಿಗೆ ಎಲೆಯೋ ಕಡ್ಡಿಯೋ ತಗುಲಿ ಶಿಲೀಂಧ್ರ ಸೋಂಕೂ ಇದ್ದರೆ ಹುಣ್ಣು ಉಲ್ಬಣಿಸುತ್ತದೆ. ಸ್ಟಿರಾಯ್ಡ್ ಈ ಕಾಯಿಲೆಗೆ ಕೊಡುವ ಮದ್ದೇ ಹೌದು, ಆದರೆ ಡಾಕ್ಟರು ಪರೀಕ್ಷಿಸಿದ ಮೇಲೆ. ಆದ್ದರಿಂದ ‘ಕಣ್ಣುಬೇನೆ’ ಪದವನ್ನು ಹಾಳೆಯಲ್ಲಿ ಎಲ್ಲೂ ಬಳಸಬಾರದೆಂದು ನಿರ್ಧರಿಸಿದ್ದೇನೆ. ಇಲ್ಲಿ ನಾನು ಗಟ್ಟಿ.

ಕಡೆಯದು ಕಾಯಿಲೆಯ ಹೆಸರು. ವೈದ್ಯಕೀಯದಲ್ಲಿ ಇದು ‘ಆಫ್ತಾಲ್ಮಿಯಾ ನೋಡೋಸಾ’. ಕಂಬಳಿಹುಳದ ಕೂದಲಿನಿಂದಾಗುವ ಕಣ್ಣಿನ ಉರಿಯೂತವನ್ನು 1861ರಲ್ಲಿ ಶ್ಯೋನ್ ವರ್ಣಿಸಿದರು. 1904ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಸೇಮಿಷ್ ಈ ಹೆಸರಿಟ್ಟರು. ನೋಡೋಸಾ ಎಂದರೆ ಗಂಟುಗಂಟಾದದ್ದು. ಹೊಕ್ಕ ಕೂದಲಿನ ಸುತ್ತ ದೇಹ ಕಟ್ಟುವ ಹಳದಿ ಮಿಶ್ರಿತ ಬೂದು ಗಂಟುಗಳನ್ನು ಕಂಡು ಇಟ್ಟ ಹೆಸರು. ‘ಗಂಟುಗಣ್ಣು’ ಎಂಬ ಸಲಹೆ ಬಂದಿದೆ, ನನಗೆ ಒಪ್ಪಿಗೆಯಿಲ್ಲ. 1984ರಲ್ಲಿ ಕಡೇರಾ ಮತ್ತು ಸಂಗಡಿಗರು ಇದನ್ನು ಐದು ಬಗೆಯಾಗಿ ವಿಂಗಡಿಸಿದಾಗ ಗಂಟು ಅದರಲ್ಲೊಂದು ಬಗೆ ಅಷ್ಟೆ. ಮೊದಲನೆಯದು ಕೂಡಲೇ ಆಗುವ ಊತ, ಉರಿ. ಐದನೆಯದರಲ್ಲಿ ಕೂದಲು ಕಣ್ಣಿನ ಹಿಂಭಾಗ ತಲುಪಿ ಅಕ್ಷಿಪಟಲಕ್ಕೇ ಹಾನಿ. ಇದು ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು, ಹಾಗಾಗಿ ನೋವು ಇಳಿದ ಮೇಲೂ ಡಾಕ್ಟರು ಮತ್ತೆ ಬರಹೇಳುತ್ತಾರೆ. ‘ಗಂಟುಗಣ್ಣು’ ಎಂದು ಗೋಡೆಯ ಮೇಲೆ ಓದಿದವರು ಗಂಟು ಏಳಲಿ ಎಂದು ಕಾಯುತ್ತಾ ಕೂತರೆ ಕಷ್ಟ. ನನ್ನ ಹಾಳೆಯಲ್ಲಿ ಸದ್ಯಕ್ಕೆ ‘ಸುಂಕಿನ ಕಣ್ಣುರಿಯೂತ’ ಎಂದಿದೆ.

ಈಗ ನಿಮ್ಮಲ್ಲಿ ಕೇಳುವುದು: ಬೇಲೂರು, ಆಲೂರು, ಕೊಪ್ಪ, ಕಳಸ ಕಡೆ ಹುಳದ ಕೂದಲಿಗೆ ‘ಸುಂಕು’ ಅನ್ನುತ್ತಾರೆಯೇ, ಬೇರೆ ಮಾತಿದೆಯೇ? ಕಣ್ಣಿನ ವಿಷಯದಲ್ಲಿ ‘ನಾಟಿತು’ ಕೇಳಲು ಸಹಜವೇ, ಅಥವಾ ‘ಚುಚ್ಚಿಕೊಂಡಿತು’ ಮೇಲೋ? ‘ಉಜ್ಜಬೇಡಿ’, ‘ತಿಕ್ಕಬೇಡಿ’, ‘ಹೊಸಕಬೇಡಿ’ ಇವುಗಳಲ್ಲಿ ನಿಮ್ಮ ಮನೆಯಲ್ಲಿ ಕಣ್ಣಿಗೆ ಯಾವುದು? ಮರಗಸಿ ಶುರುವಾಗುವ ಮೊದಲೇ ಹಾಳೆ ಅಚ್ಚಿಗೆ ಹೋಗಬೇಕು. ಊರಿನ ಹೆಸರನ್ನೂ ಸೇರಿಸಿ ಬರೆದರೆ ಯಾವ ತೋಟಕ್ಕೆ ಯಾವ ಪದ ಎಂದು ಬೇರೆ ಬೇರೆಯಾಗಿಯೇ ಅಚ್ಚು ಹಾಕಿಸುತ್ತೇನೆ.